ಗಜೇಂದ್ರಗಡದ ಲ್ಯಾಪ್‌ಟಾಪೂ ಸವಡಿಯಲ್ಲಿದ್ದ ಹೆಬ್ಬಟ್ಟೂ

ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರು ಮೊದಲು ಕೇಳುವುದು ಯಾವ ಕೋರ್ಸು ಮಾಡಬೇಕು ಎಂದು. ಕೋರ್ಸು ಯಾವುದಾದರೂ ಮಾಡಿಕೊಳ್ಳಿ. ಅದರ ಜೊತೆ, ಮಂದಿಯ ಮನೆಯಲ್ಲಿ ಅವರ ಜಗಳದ ನಡುವೆ ಕುಳಿತು ಕೊಟ್ಟ ಚಹಾ ಕುಡಿದು ಕೆಲಸ ಮಾಡುವುದನ್ನು ಕಲಿಯಿರಿ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳುವುದಿಲ್ಲ. ಕುತ್ತಿಗೆಯ ನೋವು ಹೆಚ್ಚಾಗಿ, ದವಾಖಾನೆಯಲ್ಲಿ ಇನ್ನು ಬಗ್ಗಿ ಕೂಡಬೇಡಿ ಎಂದ ಮೇಲೆ ರೋಣದ ಅಂಗಡಿ ಬಿಟ್ಟು ಮನೆಯಲ್ಲಿದ್ದೇನೆ. ವಯಸ್ಸಾಗಿ ಬಿಟ್ಟದ್ದಲ್ಲವಾದ್ದರಿಂದ ಕೈ ಸುಮ್ಮನಿರುವುದಿಲ್ಲ. ಮಧ್ಯಾಹ್ನ ಅಡ್ಡಾದರೆ ಎಲ್ಲೋ ಯಂತ್ರದ ಫ್ಯಾನು ಗೊರಗುಟ್ಟಿದ ಹಾಗಾಗಿ ಎದ್ದು ಕೂಡುತ್ತೇನೆ. ಹೀಗೆ ಎದ್ದು ಕುಳಿತಾಗಲೆಲ್ಲ ನೆನಪಾಗುವುದು ಗಜೇಂದ್ರಗಡದ ರೇಣುಕಾಳ ಲ್ಯಾಪ್‌ಟಾಪು.

ನಾನಿನ್ನೂ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಅವಳ ಫೋನು ಬಂತು.

"ಅಕ್ಕಾರ, ಲ್ಯಾಪ್‌ಟಾಪ್ ತೆರಿವಲ್ದುರಿ. ನನ್ನ ಚಿತ್ತಾರ ಎಲ್ಲಾ ಅದರೊಳಗ ಅದಾವ. ನಮ್ಮನಿಯವರು ಫಾರ್ಮ್ಯಾಟ್ ಹೊಡಸ್ತೀನಿ ಅಂತ ಕುಂತಾರ. ಕೈಮುಗೀತೀನಿ, ಲಗೂ ಬರ್ರಿ."

ರೇಣುಕಾಳದು ನೇಕಾರರ ಮನೆ. ಸೀರೆಯ ಸೆರಗು ಮತ್ತು ಅಂಚಿನ ಚಿತ್ತಾರಗಳನ್ನು ಅವಳು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಣ್ಣ ತುಂಬಿ ಬಿಡಿಸುತ್ತಾಳೆ. ಅದನ್ನು ನೋಡಿ ಮಗ್ಗಕ್ಕೆ ಹಾಕುವ ರಟ್ಟಿನ ಅಟ್ಟೆಗಳಿಗೆ ತೂತು ಹೊಡೆಯುತ್ತಾರೆ, ಆ ತೂತಿನ ಪ್ರಕಾರ ಮಗ್ಗ ಎಳೆ ಎತ್ತುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಕಾಗದದ ಮೇಲೆ ಬಿಡಿಸುತ್ತಿದ್ದವಳು, ಆಮೇಲೆ ತಾನೇ ತಡವರಿಸಿ ಕಂಪ್ಯೂಟರಿಗೆ ಕೈ ಹಾಕಿದಳು. ಅಷ್ಟು ವರ್ಷ ಬಿಡಿಸಿದ್ದೆಲ್ಲ ಆ ಒಂದೇ ಲ್ಯಾಪ್‌ಟಾಪಿನಲ್ಲಿ. ಬೇರೆಡೆ ನಕಲು ಇಟ್ಟಿಲ್ಲವೇ ಎಂದರೆ, "ಪೆನ್‌ಡ್ರೈವ್ ಇತ್ರಿ. ಅದರಾಗ ಹುಡುಗೂರು ಹಾಡು ತುಂಬ್ಯಾವ" ಎಂದಳು.

ಬುತ್ತಿಯ ಚೀಲಕ್ಕೆ ಎರಡು ರೊಟ್ಟಿ, ಶೇಂಗಾ ಚಟ್ನಿ, ಅದರ ಪಕ್ಕದಲ್ಲೇ ಸ್ಕ್ರೂಡ್ರೈವರಿನ ಡಬ್ಬಿ, ಪೆನ್‌ಡ್ರೈವುಗಳ ಗಂಟು ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಫಾರ್ಮ್ಯಾಟ್ ಎನ್ನುವ ಆ ಶಬ್ದವೇ ಚುಚ್ಚುತ್ತಿತ್ತು.

ಯಾಕೆಂದರೆ ನಾನು ಕೆಲಸ ಕಲಿತದ್ದೇ ಫಾರ್ಮ್ಯಾಟ್ ಹೊಡೆಯುವವರ ಕೈಕೆಳಗೆ. ರೋಣದಲ್ಲಿ ಬಸಣ್ಣ ಸರ್ ಅಂಗಡಿ ಇಟ್ಟಿದ್ದ ಕಾಲ ಅದು. ಒಳ್ಳೆಯ ಮನುಷ್ಯ, ಕುಂತಲ್ಲಿ ಕೂಡುವ ಜಾತಿಯಲ್ಲ. ಕುರ್ಚಿಯಲ್ಲಿದ್ದರೂ ಒಂದು ಕಾಲು ಸದಾ ಅಲುಗಾಡುತ್ತಿತ್ತು. ಯಂತ್ರ ನಿಧಾನ ಆಯಿತೆಂದರೆ ಫಾರ್ಮ್ಯಾಟು, ಶಬ್ದ ಬರಲಿಲ್ಲವೆಂದರೆ ಫಾರ್ಮ್ಯಾಟು. ಡಿಸ್ಕನ್ನು ಸ್ವಚ್ಛ ಒರೆಸಿ ಹೊಸದಾಗಿ ಸಿ.ಡಿ.ಯಿಂದ ಎಲ್ಲ ತುಂಬುವುದು. "ಹುಡುಕ್ಕೋತ ಕುಂದ್ರೂದಕ್ಕಿಂತ ಹೊಸಾದು ಹಾಕೂದು ಲಗೂ ಆಕ್ಕೈತಿ" ಎನ್ನುವುದು ಅವರ ಮಾತು. ಒಮ್ಮೆ ಕಡಲೆ ವ್ಯಾಪಾರದ ಸಾಹುಕಾರರೊಬ್ಬರ ಯಂತ್ರವನ್ನು ಹೀಗೆ ಒರೆಸಿದರು. ಸಂಜೆ ಬಂದ ಸಾಹುಕಾರರು ಅಂಗಡಿಯ ಬಾಗಿಲಲ್ಲೇ ಕುಸಿದು ಕುಳಿತರು. ವ್ಯಾಪಾರದ ಲೆಕ್ಕ ಹೋಯಿತೇನೋ ಎಂದುಕೊಂಡು ಬಸಣ್ಣ ಸರ್, "ಲೆಕ್ಕಾ ಮತ್ತ ತುಂಬಿ ಕೊಡ್ತೀವ್ರಿ ಸಾಹುಕಾರ" ಎಂದರು.

"ಲೆಕ್ಕಾ ಸುಟ್ಟುಬರ್ಲಿ, ಅದನ್ನ ನಾನೂ ಬರೀತೀನಿ. ಮಗಳ ಲಗ್ನದ ಫೋಟೋ ಅದರಾಗ ಇದ್ದೂ. ಏನ್ ಮತ್ತೊಮ್ಮೆ ಲಗ್ನಾ ಮಾಡ್ಲ್ಯಾ? ಅಳಿಯಾ ಒಪ್ತಾನಂತ ಮಾಡೀಯೇನು?"

ಎಲ್ಲರೂ ನಕ್ಕರು, ಸಾಹುಕಾರರೂ ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ. ಆವತ್ತಿನಿಂದ, ಒಳಗೇನಿದೆ ಎಂದು ಕೇಳದೆ ಯಾರ ಯಂತ್ರವನ್ನೂ ನಾನು ಒರೆಸಿಲ್ಲ.

ಗಜೇಂದ್ರಗಡದ ಸ್ಟ್ಯಾಂಡಿನಲ್ಲಿ ಇಳಿದು ಅವರ ಮನೆ ಮುಟ್ಟಿದಾಗ ರೇಣುಕಾ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಅವಳ ಗಂಡ ಮಲ್ಲಪ್ಪ ಅತ್ತಿಂದಿತ್ತ ಓಡಾಡುತ್ತಿದ್ದ. ಪಡಸಾಲೆಯ ಒಂದು ಮೂಲೆಯಲ್ಲಿ ನೆಲ ಹೊಸದಾಗಿ ಮುಚ್ಚಿದ ಗುರುತಿತ್ತು. ಹಿಂದೊಮ್ಮೆ ಪ್ರಿಂಟರ್ ಜೋಡಿಸಲು ಬಂದಾಗ ಅಲ್ಲಿ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗವಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ. ದಿನಾ ಬೆಳಿಗ್ಗೆ ಮೊದಲ ಲಾಳಿ ಹಾಕುವವರು ಮನೆಯ ಹಿರಿಯರು, ಮಲ್ಲಪ್ಪನ ತಂದೆ ವಿರೂಪಾಕ್ಷಪ್ಪ. ಅವರು ಮೊದಲ ಎಳೆ ನೇಯ್ದ ಮೇಲೆಯೇ ಉಳಿದವರು ಮಗ್ಗಕ್ಕೆ ಕೂಡಬೇಕು. ಲ್ಯಾಪ್‌ಟಾಪು ಬಂದಾಗ ಅದಕ್ಕೂ ಅದೇ ಪದ್ಧತಿ ನಡೆಯಿತು. ಬೆರಳಿನ ಗುರುತು ನೋಡಿ ತೆರೆಯುವ ಯಂತ್ರ ಅದು. ಮಾರಿದ ಅಂಗಡಿಯವರು ಯಾರ ಬೆರಳು ಇಡಲಿ ಎಂದು ಕೇಳಿದಾಗ ಮನೆಮಂದಿಗೆಲ್ಲ ಒಂದೇ ಉತ್ತರ ಹೊಳೆಯಿತು. ಅಜ್ಜನ ಹೆಬ್ಬಟ್ಟು. ನಾನು ಪ್ರಿಂಟರಿಗೆಂದು ಹೋದ ದಿನ ಕಣ್ಣಾರೆ ಕಂಡಿದ್ದೆ. ಅಜ್ಜ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು, ಹೆಬ್ಬೆರಳನ್ನು ಒತ್ತಿ, ಪರದೆ ಬೆಳಗಿದೊಡನೆ "ಹೂಂ, ನಡೀಲಿ" ಎಂದು ಎದ್ದು ಹೋದರು. ರೇಣುಕಾ ಸೆರಗು ಸಿಕ್ಕಿಸಿಕೊಂಡು ಕುಳಿತಳು. ನೋಡಲು ಎಷ್ಟು ಚೆಂದವಾಗಿತ್ತು! ಆದರೆ ಹೀಗೆ ಮಾಡಿದ್ದರಿಂದ ಚಿತ್ತಾರಗಳೆಲ್ಲ ಅಜ್ಜನ ಖಾತೆಯಲ್ಲಿ ಸೇರಿದವು. ಯಂತ್ರದಲ್ಲಿ ಏನನ್ನಾದರೂ ಬದಲಿಸುವ ಹಕ್ಕು, ನಾವು ಅಡ್ಮಿನ್ ಎನ್ನುವುದು, ಅವರೊಬ್ಬರಿಗೇ ಉಳಿಯಿತು.

"ಅಜ್ಜಾರ ಎಲ್ಲಿ?" ಎಂದು ಕೇಳಿದೆ.

ಮಲ್ಲಪ್ಪ ನಿಂತ. "ಸವಡ್ಯಾಗ, ನಮ್ಮ ಅಕ್ಕನ ಮನ್ಯಾಗ. ಸಿಟ್ಟು ಮಾಡ್ಕೊಂಡು ಹೋಗ್ಯಾರ. ಮುರಕಲು ಮಗ್ಗ ತಗದು ಪವರ್‌ಲೂಮ್ ಹಾಕಸ್ತೀನಿ ಅಂದಿದ್ದ ತಪ್ಪಾತು."

"ಅಂದಿದ್ದಲ್ಲ. ಅವರು ಪ್ಯಾಟಿಗೆ ಹೋದಾಗ ಮಗ್ಗ ಬಿಚ್ಚಿ ಮಾರಿಬಿಟ್ರು" ಎಂದಳು ರೇಣುಕಾ ಅಡುಗೆಮನೆಯಿಂದ.

"ನೀ ಚಹಾ ಮಾಡು."

"ಮಾಡಾಕತ್ತೀನಿ. ಖರೇ ಮಾತಾಡಿದ್ರ ಚಹಾ ಕೆಡೂದಿಲ್ಲ."

ಅಜ್ಜ ಹೋದ ಮೇಲೂ ಕೆಲವು ದಿನ ಕೆಲಸ ನಡೆದಿತ್ತು. ಮುಚ್ಚಿದರೆ ಮತ್ತೆ ಹೆಬ್ಬಟ್ಟು ಕೇಳುತ್ತದೆಂದು ರೇಣುಕಾ ಲ್ಯಾಪ್‌ಟಾಪನ್ನು ಆರಿಸಿಯೇ ಇರಲಿಲ್ಲ. ಒಲೆಯ ಮೇಲೆ ಪಲ್ಯವಿದ್ದರೂ ನಡುವೆ ಬಂದು ಮೌಸು ಅಲುಗಾಡಿಸಿ ಹೋಗುತ್ತಿದ್ದಳಂತೆ. ಆಮೇಲೆ ಒಂದು ದಿನ ಕರೆಂಟು ಬಹಳ ಹೊತ್ತು ಹೋಯಿತು, ಬ್ಯಾಟರಿ ಇಳಿದು ಯಂತ್ರ ಆರಿತು. ಬೆರಳಿನ ಬದಲು ಹಾಕುವ ಪಿನ್ ಸಂಖ್ಯೆ ಏನು ಎಂದರೆ ಯಾರಿಗೂ ಗೊತ್ತಿಲ್ಲ. ಅಂಗಡಿಯವರು ಏನೋ ಹೊಡೆದಿದ್ದರು, ಆ ಅಂಗಡಿ ಈಗ ಮುಚ್ಚಿದೆ.

ಮಕ್ಕಳ ಓದಿಗೆಂದು ಇನ್ನೊಂದು ಸಣ್ಣ ಖಾತೆ ಇತ್ತು. ಅದರೊಳಗೆ ಹೋಗಬಹುದು, ಆದರೆ ಅದಕ್ಕೆ ಯಾವ ಹಕ್ಕೂ ಇಲ್ಲ. ನಾನು ಅಲ್ಲಿ ಕುಳಿತು ಖಾತೆಗಳನ್ನು ನಿಭಾಯಿಸುವ ಸಲಕರಣೆಯನ್ನು ಹುಡುಕತೊಡಗಿದೆ. ಯಾರ್‍ಯಾರು ಇದ್ದಾರೆ, ಯಾರಿಗೆ ಯಾವ ಹಕ್ಕು ಎಂದು ಒಂದೇ ಕಿಟಕಿಯಲ್ಲಿ ತೋರಿಸುವಂಥದ್ದು. ಹೆಸರು ಟೈಪ್ ಮಾಡಿ ಕರೆದರೆ, ಈ ಆವೃತ್ತಿಯಲ್ಲಿ ಇದನ್ನು ಬಳಸಲಾಗದು ಎಂದಿತು. ಅದರ ಅಣ್ಣನಂಥ ಇನ್ನೊಂದಿದೆ, ಇಡೀ ಯಂತ್ರದ ಕಟ್ಟುಪಾಡುಗಳನ್ನು ಬದಲಿಸುವುದು. ಅದನ್ನು ಕರೆದರೆ, ಅಂಥದ್ದು ಇಲ್ಲವೇ ಇಲ್ಲ ಎಂದಿತು.

ಇದರಲ್ಲಿ ನನಗೆ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ನರಗುಂದದಲ್ಲಿ ಇದೇ ಪಾಠ ಆಗಿತ್ತು. ಅಲ್ಲಿ ಟೈಪಿಂಗ್ ಕ್ಲಾಸು ನಡೆಸುವ ಮಾಸ್ತರರೊಬ್ಬರು, ಹುಡುಗರು ಪರದೆಯ ಚಿತ್ರ ಬದಲಿಸುತ್ತಾರೆಂದು ರೋಸಿ, ಅದನ್ನು ತಡೆಯಲು ಆ ಕಟ್ಟುಪಾಡಿನ ಸಲಕರಣೆ ಹುಡುಕಿದರು. ಸಿಗಲಿಲ್ಲ. ಯಾರೋ ಕಳ್ಳರು ಕದ್ದಿದ್ದಾರೆ ಎನ್ನುವ ಹಾಗೆ ಸಿಟ್ಟಾಗಿ, ಇಂಟರ್‌ನೆಟ್ಟಿನಲ್ಲಿ ಎಲ್ಲಿಂದಲೋ ಒಂದನ್ನು ಇಳಿಸಿ ಎಲ್ಲ ಯಂತ್ರಗಳಿಗೂ ಹಾಕಿದರು. ಮರುದಿನ ಹುಡುಗರು ಪರೀಕ್ಷೆ ಬರೆಯುತ್ತಿದ್ದರೆ, ಪ್ರತಿ ಪರದೆಯಲ್ಲೂ ಕೂದಲು ಉದುರದ ಎಣ್ಣೆಯ ಜಾಹೀರಾತು ಎದ್ದು ಕುಣಿಯತೊಡಗಿತು. ಮಾಸ್ತರರ ತಲೆ ಬೋಳು. "ಯಾಂವ ಮಾಡಿದ್ದು? ಎದ್ದು ನಿಲ್ರಿ!" ಎಂದು ಅವರು ಗುಡುಗಿದಾಗ ಕ್ಲಾಸಿಗೆ ಕ್ಲಾಸೇ ಬೆಂಚಿನ ಕೆಳಗೆ ಬಗ್ಗಿ ನಗುತ್ತಿತ್ತು. ಅವನ್ನೆಲ್ಲ ಸರಿಪಡಿಸಲು ನನಗೆ ವಾರವೇ ಹಿಡಿಯಿತು. ಆ ಸಲಕರಣೆ ಎಲ್ಲಿಗೂ ಹೋಗಿರಲಿಲ್ಲ. ಮನೆಬಳಕೆಗೆಂದು ಮಾರುವ ಹೋಮ್ ಆವೃತ್ತಿಯಲ್ಲಿ ಅದನ್ನು ಕೊಟ್ಟೇ ಇರುವುದಿಲ್ಲ. ಹಳೆಯ ಕಾಲದಲ್ಲಿ ನಾವು ಎಲ್ಲ ಯಂತ್ರಕ್ಕೂ ಒಂದೇ ಸಿ.ಡಿ. ಹಾಕುತ್ತಿದ್ದೆವು, ಎಲ್ಲದರಲ್ಲೂ ಎಲ್ಲವೂ ಇರುತ್ತಿತ್ತು. ಈಗ ಹಾಗಲ್ಲ. ನೀವು ಕೆಲಸಕ್ಕೆ ಕೂಡುವಾಗ ಮೊದಲು ನೋಡಬೇಕಾದ್ದು ಆವೃತ್ತಿಯ ಹೆಸರು.

ಇಷ್ಟು ಗೊತ್ತಿದ್ದೂ ಆ ದಿನ ನಾನು ಹುಡುಕಿದೆ. ಇದನ್ನು ನೀವು ಅರ್ಥಮಾಡಿಕೊಳ್ಳಬೇಕು. ಪಕ್ಕದಲ್ಲಿ ಒಬ್ಬಳು ಹೆಂಗಸು ಚಹಾದ ಕಪ್ಪು ಹಿಡಿದು, ಪರದೆ ನೋಡದೆ ನನ್ನ ಮುಖ ನೋಡುತ್ತ ನಿಂತಿದ್ದರೆ, ಇಲ್ಲವೆಂದು ಗೊತ್ತಿರುವ ಕಡೆಯೇ ಮತ್ತೆ ಮತ್ತೆ ಕೈ ಹೋಗುತ್ತದೆ. ಕಂಟ್ರೋಲ್ ಪ್ಯಾನೆಲ್ ತೆರೆದೆ, ಮುಚ್ಚಿದೆ. ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿದೆ, ಅನುಮತಿ ಇಲ್ಲ ಎಂದಿತು. ಪೆನ್‌ಡ್ರೈವಿನಿಂದ ಹೊರಗಿನ ದಾರಿ ಹಿಡಿದು ಒಳನುಗ್ಗೋಣ ಎಂದರೆ, ಈಗಿನ ಲ್ಯಾಪ್‌ಟಾಪುಗಳು ಡಿಸ್ಕಿಗೆ ತಾವೇ ಬೀಗ ಹಾಕಿಕೊಂಡಿರುತ್ತವೆ. ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಓದಲಾಗದು. ಅರಿಯದೆ ಎಳೆದಾಡಿದರೆ ಅಜ್ಜನ ಬೆರಳಿಗೂ ತೆರೆಯದಂತೆ ಆಗಬಹುದು. ಕೂತಲ್ಲೇ ನನ್ನ ಕಾಲು ಅಲುಗಾಡುತ್ತಿತ್ತು. ಬಸಣ್ಣ ಸರ್ ನೆನಪಾಗಿ ಕಾಲನ್ನು ಕೈಯಿಂದ ಒತ್ತಿ ಹಿಡಿದೆ.

"ಬರೂದಿಲ್ಲ ಹೌದಿಲ್ರಿ?" ಎಂದ ಮಲ್ಲಪ್ಪ. "ಒರಸಿಬಿಡ್ರಿ ಅತ್ಲಾಗ. ಪವರ್‌ಲೂಮ್ ಬಂದ್ರ ಇದು ಬೇಕಾಕ್ಕೈತಿ. ಚಿತ್ತಾರಾ ಮತ್ತ ತಗದ್ರಾತು."

"ಮತ್ತ ತಗದ್ರಾತು?" ರೇಣುಕಾ ಕಪ್ಪನ್ನು ಕೆಳಗಿಟ್ಟಳು. "ನೇಯ್ದ ಸೀರಿ ಮಾರತಾವ, ಹೊಕ್ಕಾವ. ಈ ಮನ್ಯಾಗ ನಂದು ಅಂತ ಉಳಿಯೂದು ಅದೊಂದ. ಸೆರಗಿನ ಚಿತ್ತಾರದಾಗಿನ ಒಂದು ತೆನಿ ನೀವು ತಗದು ತೋರಸ್ರಿ, ಆಮ್ಯಾಲೆ ಒರಸ್ರಿ."

"ಅಜ್ಜಾರನ್ನ ಕರಸ್ರಿ" ಎಂದೆ ನಾನು. "ಅವರ ಹೆಬ್ಬಟ್ಟಿನ ಹೊರ್ತು ದಾರಿ ಇಲ್ಲ."

"ನಾ ಕರ್ಯಾಂವಲ್ಲ. ಅಪ್ಪಾ ಬಂದು ಹೆಬ್ಬಟ್ಟು ಒತ್ತಲಿ ಅಂತ ಕಾಲಿಗೆ ಬೀಳ್ಲ್ಯಾ? ನಾಳೆ ಸಂಜಿತನ ನೋಡ್ತೀನಿ. ಆಮ್ಯಾಲೆ ಸ್ಟ್ಯಾಂಡ್ ಹತ್ರದ ಅಂಗಡ್ಯಾಗ ಕೊಟ್ಟು ಒರಸ್ತೀನಿ."

ನಾನು ರೋಣಕ್ಕೆ ಮರಳಿದೆ. ಮರುದಿನ ಬೆಳಿಗ್ಗೆ ರೇಣುಕಾಳೇ ಫೋನು ಮಾಡಿ, "ಅಕ್ಕಾರ, ರೋಣದ ಬಸ್ಸಿನ್ಯಾಗ ಅದೀನಿ. ಲ್ಯಾಪ್‌ಟಾಪ್ ತಂದೀನಿ. ಸವಡಿಗೆ ನನ್ನ ಜೋಡಿ ಬರ್ರಿ" ಎಂದಳು. ಹಳೆಯ ಸೀರೆಯಲ್ಲಿ ಸುತ್ತಿ, ಮಗುವನ್ನು ಹಿಡಿದ ಹಾಗೆ ಎದೆಗವಚಿಕೊಂಡು ಬಸ್ಸಿನಿಂದ ಇಳಿದಳು. ಗಂಡನಿಗೆ ಹೇಳಿ ಬಂದೆಯಾ ಎಂದರೆ, "ಹೇಳೀನಿ. ಕೇಳಿಸ್ಕೊಂಡಿಲ್ಲ ಅನ್ನೋ ಹಂಗ ಮಾಡಿದ್ರು" ಎಂದಳು.

ಸವಡಿಯಲ್ಲಿ ಮಗಳ ಮನೆಯ ಕಟ್ಟೆಯ ಮೇಲೆ ಅಜ್ಜ ಬಿತ್ತನೆಯ ಶೇಂಗಾ ಸುಲಿಯುತ್ತ ಕುಳಿತಿದ್ದರು. ಮುಂದೆ ಒಂದು ಚೀಲ, ಪಕ್ಕದಲ್ಲಿ ಮೊರ. ನಮ್ಮನ್ನು ಮೊದಲು ಕಂಡದ್ದು ಅವರ ಮಗಳು ಕಸ್ತೂರಿ.

"ಬರ್ರಿ ಬರ್ರಿ. ಏನು, ಹೆಬ್ಬಟ್ಟು ಒಯ್ಯಾಕ ಬಂದ್ರ್ಯಾ?"

ರೇಣುಕಾ ತಲೆ ತಗ್ಗಿಸಿ ಮಾವನ ಕಾಲಿಗೆ ನಮಸ್ಕರಿಸಿದಳು. ಅಜ್ಜ ಅವಳನ್ನು ನೋಡಿದರು, ಸೀರೆಯ ಗಂಟನ್ನು ನೋಡಿದರು, ಮತ್ತೆ ಶೇಂಗಾಕ್ಕೆ ಕೈ ಹಾಕಿದರು.

"ಆ ಪೆಟಗಿ ಬಂದೈತಿ ಅಂದ್ರ ತಿಳೀತು ಬಿಡವ್ವ. ನಾ ಬಂದು ಇಷ್ಟು ದಿನಾತು. ಉಂಡಿ ಏನು, ಸತ್ತಿ ಏನು ಅಂತ ಒಬ್ರೂ ಬರ್ಲಿಲ್ಲ. ಪೆಟಗಿ ಬಂದ್ ಆತು, ಓಡಿ ಬಂದ್ರಿ. ಮುದುಕ ಬ್ಯಾಡ, ಮುದುಕನ ಹೆಬ್ಬಟ್ಟು ಬೇಕು."

ರೇಣುಕಾ ಗಂಟನ್ನು ಕಟ್ಟೆಯ ಮೇಲಿಟ್ಟಳು. ನಾವು ಹೋಗಿದ್ದೇ ಅದಕ್ಕೆ. ಬಿಸಿಲು ಕಟ್ಟೆಯ ಅಂಚಿಗೆ ಬಂದಿತ್ತು. ಸಂಜೆಯ ಗಡುವು ನನ್ನ ತಲೆಯಲ್ಲಿ ಕುದಿಯುತ್ತಿತ್ತು. ನಡುವೆ ಬಾಯಿ ಹಾಕಬಾರದೆಂದುಕೊಂಡರೂ ಹಾಕಿದೆ.

"ಅಜ್ಜಾರ, ಮಲ್ಲಪ್ಪ ಇದನ್ನ ಒರಸ್ತೀನಿ ಅಂತಾನ್ರಿ. ಒರಸಿದ್ರ ಈಕಿ ತಗದ ಚಿತ್ತಾರ ಒಂದೂ ಉಳಿಯೂದಿಲ್ಲ. ಮಗನ ಮ್ಯಾಲಿನ ಸಿಟ್ಟು ಇರ್ಲಿ. ಇದು ಈಕಿ ದುಡಿಮಿ."

ಅಜ್ಜನ ಕೈ ನಿಂತಿತು. "ಒರಸ್ತಾನ? ಮಗ್ಗಾ ಕಿತ್ತಿದ್ದು ಸಾಲಲಿಲ್ಲೇನು ಅವ್ಗ?" ಎಂದವರು ಮೊರ ಸರಿಸಿದರು. "ತಾ ಇಲ್ಲಿ."

ಒತ್ತಿದರು. ಯಂತ್ರ ಗುರುತಿಸಲಿಲ್ಲ. ಮತ್ತೆ ಒತ್ತಿದರು, ಇಲ್ಲ. ಇಷ್ಟು ದಿನ ಸಿಪ್ಪೆ ಒಡೆದು ಒಡೆದು ಹೆಬ್ಬೆರಳು ಬಿರುಕು ಬಿಟ್ಟು, ಧೂಳು ಕೂತು, ಒರಟು ಗಾರೆಯ ಹಾಗಾಗಿತ್ತು. ಪದೇ ಪದೇ ತಪ್ಪಿದರೆ ಯಂತ್ರ ಬೆರಳನ್ನು ಬಿಟ್ಟು ಪಿನ್ನನ್ನೇ ಕೇಳುತ್ತದೆ, ಅಲ್ಲಿಗೆ ಮುಗಿಯಿತು. ಮೂರನೆಯ ಸಲ ಒತ್ತಲು ಹೊರಟ ಅವರ ಕೈಯನ್ನು ಗಪ್ಪನೆ ಹಿಡಿದುಕೊಂಡೆ.

"ತಡೀರಿ, ತಡೀರಿ ಅಜ್ಜಾರ!"

ಕಸ್ತೂರಿ ಬಿಸಿನೀರು ತಂದಳು, ಜೊತೆಗೆ ಒಂದಿಷ್ಟು ಕೊಬ್ಬರಿ ಎಣ್ಣೆ. ರೇಣುಕಾ ಕಟ್ಟೆಯ ಕೆಳಗೆ ಕುಳಿತು ಮಾವನ ಕೈಯನ್ನು ನೀರಿನಲ್ಲಿ ನೆನೆಸಿ, ಬಿರುಕಿನೊಳಗಿನ ಮಣ್ಣನ್ನು ಮೆತ್ತಗೆ ತೆಗೆದಳು. ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಸೆರಗಿನಿಂದ ಒಣಗುವ ತನಕ ಒರೆಸಿದಳು. ಅಜ್ಜ ಬೇರೆ ಕಡೆ ನೋಡುತ್ತಿದ್ದರು. ಆಮೇಲೆ ಬೆರಳನ್ನು ನಾನೇ ನೆಟ್ಟಗೆ ಹಿಡಿದು ಇಡಿಸಿದೆ.

ಪರದೆ ಬೆಳಗಿತು.

ಯಾರು ಏನೆನ್ನುವ ಮೊದಲೇ ಪೆನ್‌ಡ್ರೈವ್ ಚುಚ್ಚಿ ಚಿತ್ತಾರಗಳನ್ನೆಲ್ಲ ನಕಲು ಮಾಡಿಕೊಂಡೆ. ಒಂದಲ್ಲ, ಎರಡು ಪೆನ್‌ಡ್ರೈವಿಗೆ. ತೆರೆದ ಒಂದು ಚಿತ್ತಾರದಲ್ಲಿ ಜೋಳದ ತೆನೆಗಳ ಸಾಲು ಕೆಂಪು ಸೆರಗಿನ ಮೇಲೆ ನಿಂತಿತ್ತು. ರೇಣುಕಾ ಅದನ್ನು ನೋಡಿ ಉಸಿರು ಬಿಟ್ಟಳು. ಇನ್ನು ಉಳಿದದ್ದು ಹಕ್ಕಿನ ಮಾತು. ಹಿಂದಿನ ದಿನವೆಲ್ಲ ನಾನು ಹುಡುಕಿದ ಆ ಕಿಟಕಿ ಈಗ ಬೇಕೇ ಇರಲಿಲ್ಲ. ಹಕ್ಕಿದ್ದವರ ಖಾತೆಯಿಂದ ಸಾಮಾನ್ಯ ಸೆಟ್ಟಿಂಗ್ಸಿನಲ್ಲೇ ಆ ಕೆಲಸ ಆಗುತ್ತದೆ. ಆದರೆ ಖಾತೆ ಅಜ್ಜನದು. ಕೇಳದೆ ಮಾಡಲು ನನಗೆ ಮನಸ್ಸು ಬರಲಿಲ್ಲ.

"ಅಜ್ಜಾರ, ರೇಣುಕಾಗ ಒಂದು ಬ್ಯಾರೆ ಖಾತಿ ತಗದು, ನಿಮಗಿರೋ ಹಕ್ಕು ಆಕಿಗೂ ಕೊಡ್ಲೇನ್ರಿ?"

"ಕೊಟ್ರ ಏನಾಕ್ಕೈತಿ?"

"ಆಕಿ ತಾನ ತೆರಕೊಂಡು ಕೆಲಸಾ ಮಾಡ್ಕೋತಾಳ. ನಿಮ್ಮ ಹೆಬ್ಬಟ್ಟು ಬೇಕಾಗೂದಿಲ್ಲ."

"ಬ್ಯಾಡಂದ್ರ?"

"ಬ್ಯಾಡಂದ್ರ ಹಿಂಗ ಬಂದ್ ಮಾಡಿ ಕೊಡ್ತೀನಿ. ಚಿತ್ತಾರ ಸಿಕ್ಕಾವ, ಅಷ್ಟ ಸಾಕು."

ಅಜ್ಜ ಒಂದು ಶೇಂಗಾ ಎತ್ತಿಕೊಂಡು, ಸುಲಿಯದೆ ಮತ್ತೆ ಮೊರಕ್ಕೆ ಹಾಕಿದರು. ನಾನು ಮೂರು ತಾಲೂಕು ಓಡಾಡಿ ಎಷ್ಟೋ ಯಂತ್ರಗಳಲ್ಲಿ ಎಷ್ಟೋ ಜನರ ಹಕ್ಕು ಬದಲಿಸಿದ್ದೇನೆ. ಆ ಒಂದು ಗುಂಡಿ ಒತ್ತುವಾಗ ಎದುರಿಗಿದ್ದವರ ಮುಖ ನೋಡಿದ್ದು ಅದೇ ಮೊದಲು. ಕೊನೆಗೆ ಅವರು, "ಕೊಡ್ರಿ. ದುಡ್ಯಾಕಿ ಆಕಿ, ಮುಂಜಾನೆದ್ದು ನನ್ನ ಹಾದಿ ಯಾಕ ಕಾಯಬೇಕು" ಎಂದರು. ದನಿ ಸಮನಾಗಿಯೇ ಇತ್ತು.

ಖಾತೆ ತೆರೆದೆ, ಹಕ್ಕು ಕೊಟ್ಟೆ. ಗುಪ್ತಪದವನ್ನು ರೇಣುಕಾಳೇ ಹಾಕಿದಳು, ನಾನು ಮುಖ ತಿರುಗಿಸಿದೆ. ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ ನೋಡಿದೆವು. ಅವಳ ಕೈಯಿಂದಲೇ ತೆರೆಯಿತು. ನಾನು ಡಬ್ಬಿ ಚೀಲಕ್ಕೆ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ರೇಣುಕಾ ಏಳಲಿಲ್ಲ. ಲ್ಯಾಪ್‌ಟಾಪು ಮುಚ್ಚಿ ಕಟ್ಟೆಯ ಮೂಲೆಗೆ ಸರಿಸಿದಳು.

"ಮಾವಾರ, ಈಗ ನಿಮ್ಮ ಹೆಬ್ಬಟ್ಟು ಬೇಕಾಗಿಲ್ರಿ."

"ಗೊತ್ತಾತವ್ವ. ಹೋಗಿ ಬಾ."

"ಬೇಕಾಗಿದ್ದಾಗ ಕರೆದಿದ್ರ ನೀವು ನಂಬತಿರಲಿಲ್ಲ. ಅದಕ್ಕ ಈಗ ಕರ್ಯಾಕತ್ತೀನಿ. ಮನಿಗೆ ನಡೀರಿ."

ಒಳಗೆ ಕಸ್ತೂರಿಯ ಪಾತ್ರೆಯ ಸದ್ದು ನಿಂತಿತು. ಅಜ್ಜ ಸೊಸೆಯ ಮುಖ ನೋಡಲಿಲ್ಲ. ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. ಅರ್ಧ ಖಾಲಿಯಾಗಿದ್ದ ಶೇಂಗಾದ ಚೀಲದ ಬಾಯಿ ಅಗಲಿಸಿ, ಮೊರವನ್ನು ಅವಳ ಮುಂದಕ್ಕೆ ನೂಕಿದರು.

"ಮಗಳ ಮನಿ ಬೀಜ. ಅರ್ಧಾ ಬಿಟ್ಟು ಎದ್ದು ಬರಾಕ ಬರೂದಿಲ್ಲ. ನೀನೂ ಸುಲಿ, ಲಗೂ ಮುಗೀತೈತಿ."

ರೇಣುಕಾ ಸೆರಗು ಸಿಕ್ಕಿಸಿಕೊಂಡು ಕುಳಿತಳು. ನಾನು ಚೀಲವನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ ಕುಳಿತೆ. ರೋಣದ ಬಸ್ಸು ಬಂತು, ಹಾರ್ನು ಹೊಡೆಯಿತು, ಹೋಯಿತು.